ಗೇಟಿನ ಮುಂದಿನ ಎರಡು ನಿಮಿಷ

ಬೀದಿಗೆಲ್ಲ ಆಕೆ ಟೈಲರ್ ಅಕ್ಕ. ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು, ಗಂಡ ಮನೆಗೆ ಬರುವುದನ್ನು ಹತ್ತೊಂಬತ್ತು ವರ್ಷ ಅಲ್ಲಿಂದಲೇ ನೋಡಿದ್ದಳು. ಅವನ ಹಳೆಯ ಸ್ಪೋರ್ಟ್ಸ್ ಕಾರು ಗೇಟಿನ ಮುಂದೆ ನಿಲ್ಲುತ್ತಿತ್ತು. ಅವನು ಮಾತ್ರ ಇಳಿಯುತ್ತಿರಲಿಲ್ಲ. ಎಂಜಿನ್ ಆರಿಸದೆ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಎರಡು ನಿಮಿಷ ಸುಮ್ಮನೆ ಕೂತಿರುತ್ತಿದ್ದ. ನನ್ನ ಮುಖ ನೋಡಲು ಇಷ್ಟು ಬೇಸರವೇ ಎಂದು ಅವಳ ಮನಸ್ಸು ಕಹಿಯಾಗುತ್ತಿತ್ತು. ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ.

ಅವನು ತೀರಿಕೊಂಡ ತಿಂಗಳಿಗೆ, ಅವನೇ ತರಿಸಲು ಹೇಳಿದ್ದ ದೊಡ್ಡ ಟರ್ಬೊ, ಎಂಜಿನ್ನಿಗೆ ಗಾಳಿ ಊದಿ ಓಟ ಹೆಚ್ಚಿಸುವ ಭಾಗ, ಗ್ಯಾರೇಜಿಗೆ ಬಂತು. ಅವನ ಆಸೆಯಲ್ಲವೇ ಎಂದು ಕಾರಿಗೆ ಹಾಕಿಸಿದಳು.

“ಇನ್ಮೇಲೆ ಮನೆ ಮುಟ್ಟಿದ ತಕ್ಷಣ ಆಫ್ ಮಾಡಬಹುದು ಅಕ್ಕ,” ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. “ಈ ಟರ್ಬೊ ಒಳಗೆ ನೀರೂ ಹರಿಯುತ್ತೆ, ಬೇಗ ತಣ್ಣಗಾಗುತ್ತೆ. ಹಳೇದು ಕಾದು ಕೆಂಡ ಆಗಿರ್ತಿತ್ತು. ಕಾರು ನಿಲ್ಲಿಸಿದ ಮೇಲೆ ಎರಡು ನಿಮಿಷ ಎಂಜಿನ್ ಓಡೋಕೆ ಬಿಡದೆ ಆಫ್ ಮಾಡಿದ್ರೆ ಒಳಗಿನ ಆಯಿಲ್ ಸುಟ್ಟು ಹಾಳಾಗ್ತಿತ್ತು.”

“ಎರಡು ನಿಮಿಷನಾ?”

“ಹೂಂ. ಭಾವ ಬಂದಾಗೆಲ್ಲ ಗೊಣಗೋರು, ‘ಇದು ತಣ್ಣಗಾಗೋದ್ರೊಳಗೆ ನಿಮ್ಮಕ್ಕನ ಕಾಫಿನೂ ತಣ್ಣಗಾಗಿರುತ್ತೆ ಕಣಯ್ಯಾ’ ಅಂತ!” ಅವನು ನಕ್ಕ.

ಅವಳಿಗೆ ನಗು ಬರಲಿಲ್ಲ. ಕಾರಿನ ಸದ್ದು ಕೇಳಿದರೂ ಬೇಕೆಂದೇ ಒಲೆ ಹಚ್ಚದೆ, ಮಧ್ಯಾಹ್ನದ ಕಾಫಿಯನ್ನೇ ಅವನ ಮುಂದಿಡುತ್ತಿದ್ದವಳು ಅವಳು. ಅವನು ತುಟಿ ಪಿಟಕ್ಕೆನ್ನದೆ ಕುಡಿದು, ಲೋಟ ತೊಳೆದಿಡುತ್ತಿದ್ದ.

“ನಿನಗೆ ಹೇಳಿದ್ದಾರೆ. ನನಗ್ಯಾಕಪ್ಪ ಹೇಳಲಿಲ್ಲ?”

“ನಿಮಗೆ ಗೊತ್ತೇ ಇರುತ್ತೆ ಅಂದ್ಕೊಂಡಿರ್ತಾರೆ ಬಿಡಿ ಅಕ್ಕ,” ಎನ್ನುತ್ತ ಅವನು ಬಾನೆಟ್ ಮುಚ್ಚಿದ.