ಕಟ್ಟೆಯ ಹಿಂದಿನ ಹಲಗೆ

ಮನೆಯ ಹೊರಗೋಡೆಗೆ ಗಿಲಾವು ಬೇಡ, ಕಲ್ಲು ಹಾಗೇ ಕಾಣಲಿ ಎಂದು ನಾನು ಹೇಳಿದಾಗ ಗೌಂಡಿ ನಕ್ಕ. ಅಥವಾ ನಕ್ಕದ್ದು ನನ್ನ ಹೆಂಡತಿ. ಇಬ್ಬರೂ ತಾವಲ್ಲ ಎನ್ನುತ್ತಾರೆ. ನಗು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ, ಅದಕ್ಕೆ ಈಗ ಬಾಯಿ ಇಲ್ಲ.

ಕಲ್ಲೋಳಿಯ ಊರೊಳಗಿನ ಮನೆ ಅಣ್ಣನ ಪಾಲಿಗೆ ಹೋದ ಮೇಲೆ ನಾವು ಊರ ಅಂಚಿಗೆ, ರಸ್ತೆಗೆ ಮುಖ ಮಾಡಿ ಹೊಸ ಮನೆ ಕಟ್ಟಿಸುತ್ತಿದ್ದೆವು. ನಾನು ಮೂಡಲಗಿಯಲ್ಲಿ ಮಾಸ್ತರ. ಬಿಡುವಿನ ಹೊತ್ತಿನಲ್ಲಿ ಫೋನಿನಲ್ಲಿ ಹಳ್ಳಿಮನೆಗಳ ಚಿತ್ರ ಕೂಡಿಡುವುದು ನನ್ನ ಚಟ. ಒರಟು ಕಲ್ಲಿನ ಗೋಡೆ, ಕಪ್ಪಾದ ಕಟ್ಟಿಗೆಯ ಬಾಗಿಲು, ಗೋಡೆಗೆ ಒರಗಿಸಿದ ಬಂಡಿಯ ಗಾಲಿ, ಹಳೆಯ ಒರಳಿನಲ್ಲಿ ನೆಟ್ಟ ತುಳಸಿ, ಬಾಗಿಲ ಎರಡೂ ಕಡೆ ಕಂದೀಲು. ಹೊರಗಿನಿಂದ ನೋಡಿದರೆ ಮನೆ ನಿನ್ನೆ ಮೊನ್ನೆಯದು ಅನ್ನಿಸಬಾರದು, ಇಷ್ಟೇ ನನ್ನ ಆಸೆ. ಗೋಕಾಕ ಕಡೆಯ ಕೆಂಪು ಛಾಯೆಯ ಕಲ್ಲು ತರಿಸಿದೆ. ಮುಂದಿನ ಇಳಿಜಾರಿಗೆ ಹಂಚು ಹೊದಿಸಿದೆ.

"ಮಂದಿ ಹಂಚು ತಗದು ಸ್ಲ್ಯಾಬ್ ಹಾಕ್ಸಾಕ ಒದ್ದಾಡತಾರ," ಎಂದಳು ಅವ್ವ. "ನೀ ಸ್ಲ್ಯಾಬ್ ಹಾಕ್ಸಿ ಅದರ ಮ್ಯಾಲ ಹಂಚ ಹೊಚ್ಚಾಕತ್ತೀದಿ. ಮಳಿಗಿ ಹೆದರತೀಯೋ, ಮಂದೀಗಿ ಹೆದರತೀಯೋ?"

ಅವಳಿಗಿದ್ದದ್ದು ಒಂದೇ ಬೇಡಿಕೆ.

"ನಿನ್ನ ಕಲ್ಲು ಕಟಗಿ ನಿನಗಿರ್ಲಿ. ನನಗ ರಸ್ತಾಕ್ಕ ಮುಖ ಮಾಡಿ ನಾಕ ಮಂದಿ ಕುಂದರುವಂಥಾ ಕಟ್ಟಿ ಬೇಕ ನೋಡು. ಊರ ಹೊರಗ ಬಂದ್ರ ಯಾರರ ಬರಬೇಕಲಾ ನನ್ನ ಕಡೆ?"

ಹಳೆಯ ಮನೆಯಲ್ಲಿ ಅವಳ ಮಧ್ಯಾಹ್ನಗಳು ಒಂಟಿಯಾಗಿದ್ದದ್ದೇ ಇಲ್ಲ. ಊಟದ ಪಾತ್ರೆ ತೊಳೆದಾದ ಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಟ್ಟೆ ತುಂಬುತ್ತಿದ್ದರು. ಶೇಂಗಾ ಒಡೆಯುವವರು, ಬತ್ತಿ ಹೊಸೆಯುವವರು, ಸೊಸೆಯನ್ನು ಬೈಯಲೆಂದೇ ಬರಿಗೈಯಲ್ಲಿ ಬರುವವರು. ಆ ಗದ್ದಲ ಹೊಸ ಮನೆಗೂ ಬರುತ್ತದೋ ಇಲ್ಲವೋ ಎಂಬುದೇ ಅವಳ ಚಿಂತೆ. ಅದಕ್ಕೆ ಕಟ್ಟೆಯ ಮೇಲೆ ನಾನು ಹೆಚ್ಚು ಆಸ್ಥೆ ವಹಿಸಿದೆ. ಆ ಆಸ್ಥೆಯಿಂದಲೇ ಎಲ್ಲ ಶುರುವಾಯಿತು ಎಂದು ಬರೆಯಲು ಕೈ ಮುಂದಾಗುತ್ತದೆ. ಇಂಥ ವಾಕ್ಯಗಳ ಮೇಲೆ ನನಗೆ ನಂಬಿಕೆಯಿಲ್ಲ. ಯಾವುದೂ ಹಾಗೆ ಒಂದು ಕಡೆಯಿಂದ ಶುರುವಾಗುವುದಿಲ್ಲ.

ಗೋಕಾಕದಲ್ಲಿ ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆ ಮಾರುವ ಒಂದು ಅಡ್ಡೆ ಇದೆ. ಅಲ್ಲಿ ಸಾಗುವಾನಿಯ ಒಂದು ದಪ್ಪ ಹಲಗೆ ಸಿಕ್ಕಿತು. ಹುಕ್ಕೇರಿಯ ಯಾವುದೋ ಹಳೆಯ ಸಿರಿವಂತರ ವಾಡೆಯದಂತೆ. ಆಳೆತ್ತರದ ಹಲಗೆ, ಅಂಚಿಗೆ ಬಳ್ಳಿಯ ಕೆತ್ತನೆ. ನಡುವೆ ತಲೆಯಷ್ಟು ಅಂತರ ಬಿಟ್ಟು ಎರಡು ಕಬ್ಬಿಣದ ಬಳೆ, ಬಳೆಗಳ ಮಧ್ಯೆ ಎಣ್ಣೆ ಕುಡಿದು ನುಣುಪಾದ ಒಂದು ಕಪ್ಪು ಗುಂಡು ಕಲೆ. ಕಟ್ಟೆಯ ಹಿಂದೆ ಗೋಡೆಗೆ ಕೂಡಿಸಿದರೆ ಬೆನ್ನಿಗೆ ಆಸರೆ, ನೋಟಕ್ಕೆ ಚೆಂದ, ಬಳೆಗಳಿಗೆ ಕಂದೀಲು. ಚಿತ್ರದಲ್ಲಿದ್ದಂತೆಯೇ.

ಮಮದಾಪುರದ ಬಡಿಗ ಬಂದು ಕೂಡಿಸಿದ. "ಎಷ್ಟ್ ಎತ್ತರಕ್ಕ ಹಿಡೀಲ್ರಿ?" ಎಂದು ಕೇಳಿದ.

"ಕುಂತವರ ತಲಿ ಆ ಕಲಿ ಮ್ಯಾಲ ಬರ್ಲಿ," ಎಂದೆ.

"ಹಂಗಾರ ಯಾರರ ಕುಂದರ್ರಿ, ಅಳತಿ ನೋಡೂಣು."

ಕೂತದ್ದು ನಾನು. ನನ್ನ ನೆನಪಿನಲ್ಲಿ ಹಾಗಿದೆ. ಹೆಂಡತಿ ಒಪ್ಪುವುದಿಲ್ಲ. ಕೂತದ್ದು ಅವ್ವ, ಬಡಿಗ ಟೇಪನ್ನು ಒಂದು ಬಳೆಯಿಂದ ಇನ್ನೊಂದು ಬಳೆಗೆ ಅವ್ವನ ಹಣೆಯ ಮೇಲಿಂದ ಎಳೆದು ಹಿಡಿದ ಎನ್ನುತ್ತಾಳೆ. ಹಾಗೆನ್ನುವಾಗ ಸೀರೆಯ ಸೆರಗನ್ನು ತನ್ನ ಹಣೆಗೆ ಅಡ್ಡ ಹಿಡಿದು ತೋರಿಸುತ್ತಾಳೆ. ನನ್ನ ನೆನಪಿಗೆ ಅಂಥ ಕೈಸನ್ನೆ ಒಂದೂ ಇಲ್ಲ. ಅದಕ್ಕೇ ಅವಳದೇ ಖರೆ ಇರಬಹುದು ಅನ್ನಿಸುತ್ತದೆ.

ಮನೆ ಶಾಂತಿಯ ದಿನ ಹೆಂಗಸರೆಲ್ಲ ಬಂದರು. ಗಾಲಿಯನ್ನು ನೋಡಿ, "ಎತ್ತ ಎಲ್ಲಿ ಕಟ್ಟೀರ್ರಿ ಮಾಸ್ತರ?" ಎಂದು ಚೇಷ್ಟೆ ಮಾಡಿದರು. ಕಲ್ಲಿನ ಗೋಡೆಗೆ ಕೈ ಆಡಿಸಿದರು. ಕಟ್ಟೆಯ ಹತ್ತಿರ ಬಂದಾಗ ಮಾತ್ರ ಸುಮ್ಮನಾದರು. ಒಬ್ಬಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಬರ್ರಿ, ಕುಂದರ್ರಿ," ಎಂದು ಅವ್ವ ಕಟ್ಟೆ ತಟ್ಟಿದರೆ, "ಒಳಗ ಗಾಳಿ ಛಲೋ ಐತಿ ಯಕ್ಕಾ," ಎಂದು ಒಳಗೆ ಹೋದರು. ಅಂದು ಒಳಗೆ ಫ್ಯಾನು ಕೂಡ ಇರಲಿಲ್ಲ.

ಮುಂದಿನ ಮಧ್ಯಾಹ್ನಗಳಲ್ಲಿ ಅವ್ವ ಶೇಂಗಾದ ಬುಟ್ಟಿ ಇಟ್ಟುಕೊಂಡು ಕಾದಳು. ಒಬ್ಬಿಬ್ಬರು ಬಂದರು, ಗೇಟಿನ ಹತ್ತಿರವೇ ನಿಂತು ಮಾತಾಡಿ ಹೋದರು. ಆಮೇಲೆ ಅವರೂ ಬರಲಿಲ್ಲ. ಅದರ ಬದಲು ಬೇರೆ ಏನೋ ನಡೆಯತೊಡಗಿತು. ರಸ್ತೆಯಲ್ಲಿ ಹೋಗುವ ಬೈಕುಗಳು ನಮ್ಮ ಮನೆಯ ಮುಂದೆ ವೇಗ ಇಳಿಸುತ್ತಿದ್ದವು. ಒಬ್ಬ ಮುದುಕ ನಡೆಯುತ್ತಾ ಬಂದವನು ಟೊಪ್ಪಿಗೆ ತೆಗೆದು, ಖಾಲಿ ಕಟ್ಟೆಗೆ ಕೈಮುಗಿದು ಹೋದ. ಒಂದು ಮುಂಜಾನೆ ಹಲಗೆಯ ಕೆಳಗೆ ಎರಡು ಬಿಲ್ವದ ಎಲೆ ಇದ್ದವು. ಗಾಳಿಗೆ ಬಂದಿರಬೇಕು ಎಂದೆ. ನಮ್ಮ ಸುತ್ತಮುತ್ತ ಬಿಲ್ವದ ಗಿಡ ಇಲ್ಲ.

ಕೊನೆಗೆ ಅವ್ವನ ಗೆಳತಿಯರಲ್ಲಿ ಹಿರಿಯಳನ್ನು ಅವರ ಮನೆಗೇ ಹೋಗಿ ಕೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸಿಟ್ಟಿಗೇಳಬ್ಯಾಡ್ರಿ ಮಾಸ್ತರ. ನಿಮ್ಮ ಮನೀಗಿ ಬಂದ್ರ ಯಾರದೋ ಮಣ್ಣಿಗಿ ಬಂದಂಗ ಆಗತೈತಿ. ಅದು ಕುಂದರಸೂ ಹಲಗಿ ಐತ್ರೆಪಾ. ಅದಕ್ಕ ದೀಪಾ ಬ್ಯಾರೆ ಕಟ್ಟೀರಿ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ, ತಲೆ ವಾಲದಂತೆ ಹಣೆಗೆ ಬಟ್ಟೆ ಸುತ್ತಿ ಹಿಂದೆ ಬಿಗಿಯುತ್ತೇವೆ. ವಿಭೂತಿ ಹಚ್ಚಿ, ಹೂವು ಏರಿಸಿ, ಎದುರು ಭಜನೆಗೆ ಕೂರುತ್ತೇವೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅಪ್ಪನನ್ನು ಹಾಗೆಯೇ ಕೂರಿಸಿದ್ದೆವು. ಆದರೆ ನಮ್ಮಂಥವರ ಮನೆಯಲ್ಲಿ ಆ ಹೊತ್ತಿಗೆ ಆ ಬಟ್ಟೆ ಬಿಗಿಯಲು ಗೋಡೆಗೆ ಎರಡು ಮೊಳೆ ಹೊಡೆಯುತ್ತಾರೆ, ಅಷ್ಟೇ. ಅದಕ್ಕೆಂದೇ ಬಳೆ ಬಡಿದ, ಬಳ್ಳಿ ಕೆತ್ತಿದ ಹಲಗೆ ಇಟ್ಟುಕೊಳ್ಳುವ ಮನೆಗಳಿರುತ್ತವೆ ಎಂದು ನಾನು ಊಹಿಸಿರಲಿಲ್ಲ.

ಇದು ಸುಳ್ಳೆಂದು ತೋರಿಸಬೇಕು ಅನ್ನಿಸಿ ಹುಕ್ಕೇರಿಗೆ ಹೋದೆ. ಅಡ್ಡೆಯವನು ಹೇಳಿದ ಗುರುತು ಹಿಡಿದು ಹೋದರೆ ವಾಡೆಯಿದ್ದಲ್ಲಿ ಬಯಲು. ಹಿಂದಿನ ಎರಡು ಕೋಣೆಯಲ್ಲಿ ಆ ಮನೆಯ ಸೊಸೆ ಇದ್ದಳು, ಎಪ್ಪತ್ತು ದಾಟಿದವಳು. ಫೋನಿನಲ್ಲಿ ಹಲಗೆಯ ಚಿತ್ರ ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನಕ್ಕಳು.

"ನಮ್ಮ ಮಾವನವರ ಜಾಗಾರಿ ಇದು. ದಿನಾ ಮುಂಜಾನೆ ತಲೀಗಿ ಎಣ್ಣಿ ಹಚಗೊಂಡು ಇಲ್ಲೇ ಒರಗತಿದ್ರು. ಆ ಕಲಿ ಅವರದs."

ನನ್ನ ಎದೆ ಹಗುರಾಯಿತು. "ಅಂದ್ರ ಇದು ಸತ್ತವರನ್ನ ಕುಂದರಸೂ ಹಲಗಿ ಅಲ್ಲಲ್ರಿ?"

"ಕುಂದರಸಿದಿವಲ್ರಿ. ಅವರನೂ ಇಲ್ಲೇ ಕುಂದರಸಿದಿವಿ, ಅವರಪ್ಪನ್ನೂ ಇಲ್ಲೇ ಕುಂದರಸಿದ್ರಂತ. ಬದುಕಿದ್ದಾಗ ಕುಂತಲ್ಲೇ ಕುಂದರಸಬೇಕಲಾ? ಬ್ಯಾರೆ ಕಡೆ ಕುಂದರಸಿದ್ರ ಅವರಿಗಿ ಗೊತ್ತ ಹೆಂಗ ಆಗಬೇಕು?"

ಏನು ಗೊತ್ತಾಗಬೇಕು ಎಂದು ಕೇಳಬೇಕಿತ್ತು. ಕೇಳಿದೆನೋ ಏನೋ.

ಮನೆಗೆ ಬಂದು, "ನಾಳಿ ಹಲಗಿ ತಗಸ್ತೀನಿ," ಎಂದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಹೆದರಲಿಲ್ಲ. ಅಷ್ಟರಲ್ಲಾಗಲೇ ಅವಳಿಗೆ ಮಧ್ಯಾಹ್ನಗಳನ್ನು ಆ ಹಲಗೆಗೆ ಒರಗಿ ಒಬ್ಬಳೇ ಕಳೆಯುವುದು ರೂಢಿಯಾಗಿತ್ತು.

"ಬ್ಯಾಡ ಬಿಡು. ನಡಾ ನೋಯೂದಿಲ್ಲ ಇಲ್ಲಿ ಕುಂತ್ರ. ತಲಿ ತಾನs ನೆಟ್ಟಗ ನಿಂದರತೈತಿ."

ಅದು ನಿಜ. ನಡು ಬಾಗಿದ ನನ್ನ ಅವ್ವ ಅಲ್ಲಿ ಕೂತಾಗ ಮಾತ್ರ ನೆಟ್ಟಗಿರುತ್ತಿದ್ದಳು. ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು, ತಲೆಯ ಎರಡೂ ಬದಿಗೆ ಕಂದೀಲು. ಮೊದಲು ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆಯುತ್ತಿದ್ದವಳು ಈಗ ಕೂಗುತ್ತಿರಲಿಲ್ಲ. ಶೇಂಗಾದ ಬುಟ್ಟಿ ಪಕ್ಕದಲ್ಲಿ ಹಾಗೇ ಇರುತ್ತಿತ್ತು. ಬಿಸಿಲು ಅವಳ ಕಾಲಿನಿಂದ ಮುಖಕ್ಕೆ ಏರಿದರೂ ಸರಿದು ಕೂರುತ್ತಿರಲಿಲ್ಲ. "ಅವ್ವಾ" ಎಂದರೆ, ಸ್ವಲ್ಪ ಹೊತ್ತಿನ ಮೇಲೆ, ಬೇರೆ ಕೋಣೆಯಲ್ಲಿದ್ದವಳ ಹಾಗೆ "ಹೂಂ" ಎನ್ನುತ್ತಿದ್ದಳು.

ಚಿಗವ್ವ ಬಂದದ್ದು ಒಂದು ರವಿವಾರ. ಅವ್ವನ ತಂಗಿ ಅವಳು, ಮೇಲವಂಕಿಯಲ್ಲಿರುತ್ತಾಳೆ, ಹೊಸ ಮನೆಯನ್ನು ನೋಡಿರಲಿಲ್ಲ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಾಳೆ. ನಾನು ಒಳಗೆ ಊಟ ಮಾಡುತ್ತಿದ್ದೆ. ಗೇಟು ಕಿರುಗುಟ್ಟಿತು, ಒಂದು ಚೀಲ ನೆಲಕ್ಕೆ ಬಿದ್ದ ಸದ್ದಾಯಿತು, ಹಿಂದೆಯೇ ಆ ದನಿ.

"ಯಕ್ಕಾ ನನ್ನ ಯಕ್ಕಾs! ತವರಮನಿ ಬಾಗಲಾ ಮುಚಗೊಂಡು ಹ್ವಾದೆಲ್ಲವ್ವಾs! ನನಗೊಂದ ಮಾತ ಹೇಳಿ ಕಳಸಲಿಲ್ಲಲ್ಲವ್ವಾs!"

ನಮ್ಮ ಕಡೆ ಹಾಡಿ ಅಳುವ ದನಿ ಕೇಳಿದರೆ ಯಾರ ಮನೆ ಎಂದು ಕೇಳುವುದಿಲ್ಲ, ಕೈಯಲ್ಲಿದ್ದದ್ದನ್ನು ಬಿಟ್ಟು ಹೋಗುತ್ತಾರೆ. ನಾನು ಎಂಜಲು ಕೈಯಲ್ಲಿ ಬಾಗಿಲಿಗೆ ಬರುವಷ್ಟರಲ್ಲಿ ಊರ ಕಡೆಯಿಂದ ಹೆಂಗಸರು ಬರುತ್ತಿದ್ದರು. ತಿಂಗಳುಗಟ್ಟಲೆ ಇತ್ತ ಸುಳಿಯದವರು. ಸೆರಗು ಬಾಯಿಗೆ ಹಿಡಿದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕಟ್ಟೆಯ ಮುಂದೆ ನೆಲದ ಮೇಲೆ ಕೂತು ಚಿಗವ್ವನ ದನಿಗೆ ದನಿ ಕೂಡಿಸಿದರು. ರೊಟ್ಟಿ ಬಡಿಯುವ ಹಿರಿಯಳು ಅವ್ವನ ಹೋಳಿಗೆಯನ್ನು ಹಾಡಿದಳು. ಇನ್ನೊಬ್ಬಳು, ತನ್ನ ಬಾಣಂತನದಲ್ಲಿ ಅವ್ವ ಮಾಡಿದ ಆರೈಕೆಯನ್ನು ಹಾಡಿದಳು.

ಅವ್ವ ಕೂತಿದ್ದಳು. ಕಣ್ಣು ಮುಚ್ಚಿತ್ತು. ಆಗ ಬಾಗಿಲ ಬದಿಯಿಂದ ಅವಳ ರೆಪ್ಪೆ ಸ್ವಲ್ಪ ಅಲುಗಿದ್ದು ಕಂಡೆ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಎಷ್ಟು ಹೊತ್ತು ಹಾಗೆ ಬಿಟ್ಟಳೋ ತಿಳಿಯದು. ನೆನಪು ಅದನ್ನು ಪ್ರತಿ ಸಲ ಇನ್ನಷ್ಟು ಉದ್ದ ಮಾಡುತ್ತದೆ.

"ಸಾಕ ಬಿಡ್ರೆ," ಎಂದಳು ಕೊನೆಗೆ. "ನಾ ಮಾಡೂ ಹುಳಿಬಾನದ ಸುದ್ದಿ ಯಾರೂ ತಗೀಲಿಲ್ಲಲಾ?"

ಒಬ್ಬಳು ಕಿರುಚಿ ಹಿಂದಕ್ಕೆ ಬಿದ್ದಳು. ಆಮೇಲೆ ನಗು, ಬೈಗುಳ.

"ಉಸರ ಐತೋ ಇಲ್ಲೋ ನೋಡೂದ ಬ್ಯಾಡೇನ ತಂಗಿ?" ಎಂದು ಹಿರಿಯಳು ಚಿಗವ್ವನನ್ನು ಗದರಿದಳು.

"ದೀಪಾ ಹಚ್ಚಿ ಕುಂದರಸ್ಯಾರ, ಉಸರ ಯಾಕ ನೋಡ್ಲಿ?" ಎಂದು ಚಿಗವ್ವ ಮೂಗು ಒರೆಸಿಕೊಂಡಳು. ಕಂದೀಲುಗಳನ್ನು ನೋಡಿದೆ. ಆ ನಡು ಮಧ್ಯಾಹ್ನ ಯಾರು ಹಚ್ಚಿದ್ದರು? ಹೆಂಡತಿ ಅವು ಉರಿಯುತ್ತಲೇ ಇರಲಿಲ್ಲ ಎನ್ನುತ್ತಾಳೆ. ಚಿಗವ್ವ ಇವತ್ತಿಗೂ ಉರಿಯುತ್ತಿದ್ದವು ಎನ್ನುತ್ತಾಳೆ.

ಚಹಾ ಆಯಿತು. ಮರುದಿನ ಮಧ್ಯಾಹ್ನ ಹೆಂಗಸರು ಮತ್ತೆ ಬಂದರು. ಅದರ ಮರುದಿನವೂ ಬಂದರು. ಅವ್ವನ ಬೇಡಿಕೆ ಈಡೇರಿತು ಎಂದು ನಾನು ಖುಷಿಪಟ್ಟೆ. ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಅವರು ಕಟ್ಟೆಯ ಮೇಲೆ ಕೂರುವುದಿಲ್ಲ. ಅಂದು ಕೂತ ಹಾಗೆಯೇ, ನೆಲದ ಮೇಲೆ, ಅವ್ವನಿಗೆ ಮುಖ ಮಾಡಿ ಕೂರುತ್ತಾರೆ. ಚಪ್ಪಲಿ ಗೇಟಿನ ಹೊರಗೆ. ಸೊಸೆಯಂದಿರ ಸುದ್ದಿ ತೆಗೆಯುವುದಿಲ್ಲ. ಅವ್ವನ ಬಗ್ಗೆಯೇ ಮಾತಾಡುತ್ತಾರೆ, ಅವಳೆದುರಿಗೇ. "ಖರೆ ಹೇಳಬೇಕಂದ್ರ ಭಾಳ ಗಟ್ಟಿ ಹೆಣಮಗಳಿದ್ಲು." "ಅಕಿ ಕೈಯಾಗಿನ ಊಟ ಉಂಡವರು ಮರೆಯಾಕಿಲ್ಲ." ಅವ್ವ ಮಧ್ಯೆ ಬಾಯಿ ಹಾಕುವುದಿಲ್ಲ. ನೆಟ್ಟಗೆ ಕೂತು ಕೇಳುತ್ತಾಳೆ. ಮುಖದಲ್ಲಿ ಒಂದು ತೃಪ್ತಿ.

ಹಲಗೆ ತೆಗೆಸಲು ಬಡಿಗನಿಗೆ ಫೋನು ಮಾಡುವ ಮೊದಲು, ಮೊನ್ನೆ, ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಅವ್ವಾ, ಕೆಳಗಿಳದು ಅವರ ಬಾಜೂಕ ಕುಂದರಲಾ."

ಹೆಂಗಸರು ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವ್ವ ಕಣ್ಣು ತೆರೆಯಲಿಲ್ಲ. ತುಟಿಯನ್ನು ಆದಷ್ಟು ಕಡಿಮೆ ಅಲುಗಿಸಿ, ನನಗಷ್ಟೇ ಕೇಳುವಂತೆ ಹೇಳಿದಳು:

"ಬ್ಯಾಡೋ ತಮ್ಮಾ. ನಾ ಎದ್ದರ ಎಲ್ಲಾರೂ ಎದ್ದ ಹೋಗತಾರ."