ಆಯುಧಪೂಜೆಯ ಮಾರನೆಯ ದಿನದ ಇಂಟರ್ನೆಟ್ಟು

ರೌಟರ್ ಸುಟ್ಟುಹೋಗಿರಬಹುದು. ಮರಳೂರಿನ ನಮ್ಮ ಬೀದಿಯಲ್ಲಿ ಚರಂಡಿ ಅಗೆಯುವ ನೆಪದಲ್ಲಿ ಯಾರೋ ಮತ್ತೆ ಕೇಬಲ್ಲು ಕಿತ್ತಿರಬಹುದು. ಅಳಿಲು ಕಡಿದಿರಬಹುದು. ಎದುರುಮನೆಯವರು ಪಾಸ್‌ವರ್ಡ್ ಕದ್ದು, ಮನೆಮಂದಿಯೆಲ್ಲ ಒಬ್ಬೊಬ್ಬರು ಒಂದೊಂದು ಸಿನಿಮಾ ನೋಡುತ್ತಿರಬಹುದು. ವೈರಸ್ ಬಂದಿರಬಹುದು. ಕಂಪ್ಯೂಟರಿನ ಡಿಸ್ಕು ಸತ್ತಿರಬಹುದು. ಹೆಂಡತಿಯ ಲ್ಯಾಪ್‌ಟಾಪು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ನನ್ನ ಕಂಪ್ಯೂಟರ್ ಯಾರೆಂದೇ ಗೊತ್ತಿಲ್ಲ ಎನ್ನುತ್ತಿರಬಹುದು. ಇಷ್ಟನ್ನೂ ನಾನು ವಿಜಯದಶಮಿಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಆ ವಿಷಯದಲ್ಲಿ ನನ್ನ ತಲೆಗಿರುವ ವೇಗ ನಮ್ಮ ಮನೆಯ ಇಂಟರ್ನೆಟ್ಟಿಗೆ ಯಾವತ್ತೂ ಇರಲಿಲ್ಲ.

ನನ್ನ ಹೆಂಡತಿ ಕುಣಿಗಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಹತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತು ಬಂದು, ಮೊಣಕಾಲು ಸವೆದುಹೋಗಿದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯೊಂದರಲ್ಲಿ ಜಾಗ ಖಾಲಿಯಾಗಿತ್ತು. ವರ್ಗಾವಣೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಲು ಅವತ್ತು ಸಂಜೆ ಐದಕ್ಕೆ ಕಡೆ. ನಾಡಿಗೆಲ್ಲ ಹಬ್ಬವಿರುವ ದಿನವನ್ನೇ ಹುಡುಕಿ ಕಡೇ ದಿನ ಮಾಡುವ ಬುದ್ಧಿ ಯಾವ ಪುಣ್ಯಾತ್ಮನದೋ.

ಅರ್ಜಿಗೆ ಬೇಕಾದ ವೈದ್ಯರ ಪ್ರಮಾಣಪತ್ರದ ಅಸಲು ಕುಣಿಗಲ್ಲಿನ ಕಚೇರಿಯಲ್ಲಿತ್ತು; ಕಚೇರಿಗೆ ಬೀಗ. ಅದರ ಸ್ಕ್ಯಾನು ಮಹಡಿಯ ಮೇಲಿನ ನನ್ನ ಹಳೇ ಕಂಪ್ಯೂಟರಿನಲ್ಲಿ, ಇಬ್ಬರೂ ಹಂಚಿಕೊಂಡ ಫೋಲ್ಡರಿನಲ್ಲಿತ್ತು. ಕೆಳಗಿನ ಲ್ಯಾಪ್‌ಟಾಪಿಗೆ ಆ ಫೋಲ್ಡರೂ ಕಾಣದು, ಇಂಟರ್ನೆಟ್ಟೂ ಸಿಗದು. ನಮ್ಮಿಬ್ಬರ ಫೋನೂ ಮಾತಿಗಷ್ಟೇ ಆಗುವ ಗುಂಡಿ ಫೋನು, ಹಬ್ಬಕ್ಕೆ ಸೈಬರ್ ಅಂಗಡಿಗಳಿಗೂ ಬೀಗ.

ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಮುಗಿಯಿತಲ್ಲ ಎಂದು ನಿಮಗನ್ನಿಸಬಹುದು. ಎರಡು ವರ್ಷದ ಹಿಂದೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದ ಮೇಲೆ, ನಾನು ಕಂಪ್ಯೂಟರಿನ ಆ ತೂತುಗಳನ್ನೆಲ್ಲ ನಲ್ಲಿಯ ಸೋರಿಕೆಗೆ ಮೆತ್ತುವ ಅಂಟಿನಿಂದ ಮುಚ್ಚಿಬಿಟ್ಟಿದ್ದೆ. ಅಂಟು ಕಲ್ಲಾಗಿತ್ತು.

"ಬಚ್ಚಲುಮನೆ ಪೈಪಿಗೆ ಮೆತ್ತೋದನ್ನ ಕಂಪ್ಯೂಟರಿಗೆ ಮೆತ್ತಿರೋ ಗಂಡಸು ಇಡೀ ಜಿಲ್ಲೇಲಿ ನೀವೊಬ್ರೇ ಕಣ್ರೀ," ಎಂದಳು ಹೆಂಡತಿ.

"ಆಮೇಲೆ ವೈರಸ್ ಬಂತಾ ಹೇಳು?"

"ವೈರಸ್ ಬಿಡಿ, ಈಗ ಏನೂ ಬರ್ತಿಲ್ಲ."

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ನನ್ನ ಕರೆ ತಮಗೆ ಬಹಳ ಅಮೂಲ್ಯವೆಂದು ಧ್ವನಿಮುದ್ರಿತ ಹೆಂಗಸು ನಲವತ್ತು ನಿಮಿಷ ಹೇಳಿದಳು. ಅಮೂಲ್ಯವಾದದ್ದನ್ನು ಯಾರೂ ಮುಟ್ಟುವುದಿಲ್ಲವಂತೆ, ಹಾಗಾಗಿ ಯಾರೂ ಎತ್ತಲಿಲ್ಲ. ಕಂಪ್ಯೂಟರಿನಲ್ಲಿ ತೊಂದರೆ ಹುಡುಕುವ ಗುಂಡಿಯೊಂದಿದೆ, ಅದನ್ನು ಒತ್ತಿದೆ. ಹಸಿರು ಪಟ್ಟಿಯೊಂದು ಐದು ನಿಮಿಷ ತೆವಳಿ, ಯಾವ ತೊಂದರೆಯೂ ಕಾಣಲಿಲ್ಲ, ಹೆಚ್ಚಿನ ನೆರವಿಗೆ ಇಂಟರ್ನೆಟ್ಟಿನಲ್ಲಿ ನೋಡಿ ಎಂದಿತು. ಇಂಥ ಉತ್ತರ ಕೊಡುವವರನ್ನು ನಾನು ಕೆಲಸ ಮಾಡುವ ಸತ್ಯಮಂಗಲದ ಕಾರ್ಖಾನೆಯಲ್ಲೂ ಕಂಡಿದ್ದೇನೆ. ಅವರಿಗೆಲ್ಲ ಬೇಗ ಬಡ್ತಿ ಸಿಕ್ಕಿದೆ.

ಕಡೆಗೆ ಗುಬ್ಬಿಯಲ್ಲಿರುವ ಬಾಮೈದನಿಗೆ ಫೋನ್ ಮಾಡಿದೆ. ನಮ್ಮ ಮನೆಗೆ ವೈರು ಎಳೆದುಕೊಟ್ಟವನು ಅವನೇ. ಆಮೇಲಿಂದ ನೆಂಟರಿಷ್ಟರ ಮುಂದೆಲ್ಲ ಎಂಜಿನಿಯರನಂತೆ ಕೆಮ್ಮುತ್ತಾನೆ.

"ಭಾವ, ರೌಟರ್ ಲೈಟ್ ಹೆಂಗಿದಾವೆ ನೋಡಿ ಹೇಳಿ."

"ಎಲ್ಲಾ ಉರೀತಿದಾವೆ ಕಣೋ. ಮದುವೆ ಮನೆ ಸೀರಿಯಲ್ ಸೆಟ್ ಇದ್ದಂಗೆ ಮಿಣಮಿಣ ಅಂತಾವೆ."

"ಹಂಗಾದ್ರೆ ಚೆನ್ನಾಗೇ ಇದೆ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಆರು ಸಲ ಮಾಡಿದೀನಿ."

"ನಿನ್ನೆ ಏನಾದ್ರೂ ಮುಟ್ಟುದ್ರಾ?"

"ನಾನ್ಯಾಕೆ ಮುಟ್ಲಿ? ಒರೆಸಿ ಪೂಜೆ ಮಾಡ್ದೆ, ಅಷ್ಟೇ."

"ಪೂಜೆ ಮಾಡುದ್ರೆ ಏನಾಗುತ್ತೆ ಬುಡಿ. ಕಂಪನಿಯವರದ್ದೇ ಪ್ರಾಬ್ಲಮ್ಮು."

ನಮ್ಮಲ್ಲಿ ಆಯುಧಪೂಜೆಯ ದಿನ ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಬಳಸುವಂತಿಲ್ಲ. ಹಾಗಾಗಿ ಹಿಂದಿನ ದಿನವಿಡೀ ಕಂಪ್ಯೂಟರೂ ರೌಟರೂ ವಿಭೂತಿ ಬಳಿದುಕೊಂಡು, ಸೇವಂತಿಗೆ ಮುಡಿದು ಸುಮ್ಮನೆ ಕೂತಿದ್ದವು. ಕೆಟ್ಟದ್ದು ಯಾವಾಗ ಕೆಟ್ಟಿತೋ ತಿಳಿಯುವ ದಾರಿಯಿರಲಿಲ್ಲ. ನನ್ನ ಅನುಮಾನ ಮಾತ್ರ ಎದುರುಮನೆ ಬಿಟ್ಟು ಕದಲಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಫೋಲ್ಡರನ್ನು ಯಾರು ಬೇಕಾದರೂ ನೋಡಬಹುದೆಂದು ಬರೆದೆ. ಕಂಪ್ಯೂಟರಿನ ಕಾವಲನ್ನೆಲ್ಲ ಕಿತ್ತುಹಾಕಿದೆ. ಪೆನ್‌ಡ್ರೈವಿಗೆ ಹೆದರಿ ಅಂಟು ಮೆತ್ತಿದ್ದ ಮಹಾಶಯ ಈಗ ಬಾಗಿಲು, ಕಿಟಕಿ, ಹೆಂಚು ಎಲ್ಲ ತೆಗೆದಿಟ್ಟು ಕೂತಿದ್ದ. ಆದರೂ ಫೋಲ್ಡರು ಕಾಣಲಿಲ್ಲ.

ನಾಲ್ಕೂವರೆಗೆ ಹೆಂಡತಿ ಮಹಡಿ ಹತ್ತಿ ಬಂದಳು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ನಿಂತು ಹತ್ತುವ ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಕೇಳುತ್ತ ಕೂತಿದ್ದೆ, ಎದ್ದು ಹೋಗಿ ಕೈ ಕೊಡಬೇಕೆಂದು ಹೊಳೆಯಲಿಲ್ಲ. ರೀಸೆಟ್ ಒತ್ತಿದರೆ ಏನೇನು ಹಾಳಾಗಬಹುದೆಂದು ಯೋಚಿಸುತ್ತಿದ್ದೆ.

"ಸರೀರಿ ಅತ್ಲಾಗೆ," ಎಂದಳು.

ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕುವಾಗ ಅವಳು ಉತ್ತರ ನೋಡುವುದಿಲ್ಲ, ಮೊದಲ ಸಾಲಿನಿಂದ ಬೆರಳಿಟ್ಟುಕೊಂಡು ಬರುತ್ತಾಳೆ. ರೌಟರಿನ ಹಿಂದಿನ ವೈರುಗಳ ಮೇಲೂ ಹಾಗೇ ಬೆರಳಿಟ್ಟಳು. ಒಂದು ಗೋಡೆಗೆ ಹೋಯಿತು, ಸರಿ. ಒಂದು ಕಂಪ್ಯೂಟರಿಗೆ ಹೋಯಿತು, ಸರಿ. ಮೂರನೆಯದರ ಮೇಲೆ ಬೆರಳು ಹೋಗಿ, ಮೇಜಿನ ಕಾಲು ಬಳಸಿಕೊಂಡು, ಹೊರಟಲ್ಲಿಗೇ ಬಂತು.

"ಇದು ರೌಟರಿಂದ ಹೊರಟು ರೌಟರಿಗೇ ಬಂದಿದೆಯಲ್ರೀ. ಯಾರು ಹಾಕಿದ್ದು?"

"ನಿನ್ ತಮ್ಮನೇ ಇರ್ಬೇಕು."

"ಅವನು ವಿಭೂತಿ ಹಚ್ಚಿ ಹೋಗಿದ್ನಾ?" ವೈರಿನ ಆ ತುದಿಯಲ್ಲಿ ವಿಭೂತಿಯ ಮೂರು ಗೆರೆ ಎದ್ದು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಪೂಜೆ ಮಾಡುವವನು ನಾನೊಬ್ಬನೇ.

ಅವಳು ಆ ತುದಿಯನ್ನು ಎಳೆದಳು. ದೀಪಗಳ ಹುಚ್ಚು ಮಿಣುಕಾಟ ನಿಂತು, ಒಂದೊಂದೇ ನಿಧಾನಕ್ಕೆ ಕಣ್ಣು ಪಿಳುಕಿಸತೊಡಗಿದವು. ಐದಕ್ಕೆ ಹನ್ನೆರಡು ನಿಮಿಷವಿದ್ದಾಗ ಅರ್ಜಿ ಹೋಯಿತು.

ಬಾಮೈದ ಫೋನಿನಲ್ಲಿ ವಿವರಿಸಿದ: "ಹಂಗ್ ಸಿಕ್ಕಿಸುದ್ರೆ ಅದು ಹೇಳಿದ್ದನ್ನೇ ತನಗೆ ತಾನೇ ಹೇಳ್ಕೊಂಡು ಸುತ್ತುತ್ತೆ ಭಾವ. ಬೇರೆಯವ್ರ ಮಾತು ಅದಕ್ಕೆ ಕೇಳ್ಸೋದೇ ಇಲ್ಲ."

"ಥೇಟ್ ನಿಮ್ ಭಾವನ ಥರಾನೇ," ಎಂದಳು ಅವಳು, ಮೊಣಕಾಲು ನೀವಿಕೊಳ್ಳುತ್ತ.

ಆ ವೈರನ್ನು ಮುಂದೆ ಟಿವಿಗೆ ಬೇಕಾದೀತೆಂದು ಅವನೇ ಬಿಟ್ಟುಹೋಗಿದ್ದ. ಹಿಂದಿನ ದಿನ ಮಂಗಳಾರತಿಗೆ ಮುಂಚೆ ಅದರ ತುದಿ ಬರಿದೇ ನೇತಾಡುತ್ತಿತ್ತು. ಪೂಜೆಗೆ ಕೂತದ್ದು ಹಾಗೆ ನೇತಾಡಬಾರದು, ಏನಾದರೂ ಕೆಟ್ಟದ್ದಾದೀತು ಎಂದು ಹೆದರಿ, ವಿಭೂತಿ ಹಚ್ಚಿ, ಪಕ್ಕದಲ್ಲಿ ಕಂಡ ಖಾಲಿ ತೂತಿಗೆ ನಾನೇ ಸಿಕ್ಕಿಸಿದ್ದೆ.