ಛತ್ರಿಯ ತುದಿಯಲ್ಲಿದ್ದ ಕಪ್ಪೆ

ಆ ಬೆಳಿಗ್ಗೆ ಅಲ್ಲಿದ್ದವರು ನಾವಿಬ್ಬರೇ: ನಾನು, ಮತ್ತು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ನಮ್ಮ ಭಾವ. ಕಣ್ಣಾರೆ ಕಂಡದ್ದು ಫೋಟೋದಲ್ಲಿ ಇಲ್ಲವಾಗುತ್ತೆ ಎಂದು ಯಾರಾದರೂ ಅಂದಿದ್ದರೆ ಅವತ್ತಿನವರೆಗೂ ನಾನು ನಕ್ಕುಬಿಡುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ದಟ್ಟ ಮಳೆಕಾಡಿನಲ್ಲಿ ಮಾತ್ರ ಸಿಗುವ, ತೊಗಟೆ ಬಣ್ಣದ ಮರಗಪ್ಪೆಯೊಂದನ್ನು ಕೆಂಗೇರಿ ಆಚೆಯ ತೋಪಿನಲ್ಲಿ ಕಂಡೆ ಎಂದು ಭಾವ ಹೇಳಿದರೆ ಅವರ ಪ್ರೊಫೆಸರು ನಂಬಿರಲಿಲ್ಲ. ಮೊದಲು ಫೋಟೋ ತಾರಯ್ಯ, ಆಮೇಲೆ ಮಾತು ಅಂದರಂತೆ. ಸ್ಟಾಫ್ ರೂಮಿನಲ್ಲಿ ಭಾವನಿಗೆ ಆಗಲೇ ‘ಕಪ್ಪೆರಾಯರು’ ಅನ್ನೋ ಹೆಸರು ಬಿದ್ದಿತ್ತು. ಮನೆಯಲ್ಲೂ ನಗುತ್ತಾರೆ ಎಂದು ಅವರು ಅಲ್ಲಿ ಕಪ್ಪೆಯ ವಿಷಯ ಬಾಯೇ ಬಿಟ್ಟಿರಲಿಲ್ಲ.

ಅಕ್ಕನ ಮಗುವಿನ ನಾಮಕರಣಕ್ಕೆ ಹಾಕಿಸಿದ್ದ ರೀಲಿನಲ್ಲಿ ಉಳಿದಿದ್ದು ಒಂದೇ ಫೋಟೋ. ತೋಪಿನಲ್ಲಿ ಬಹಳ ಹೊತ್ತು ಹುಡುಕಿದ ಮೇಲೆ ಹಲಸಿನ ಮರದ ಬೊಡ್ಡೆಯ ಮೇಲೆ ಕಪ್ಪೆ ಸಿಕ್ಕಿತು. ಕಾಲು ಮಡಚಿ, ಕಣ್ಣು ಮುಚ್ಚಿ, ತೊಗಟೆಯೇ ಆಗಿ ಕೂತಿತ್ತು. ನೋಡುವವರಿಗೆ ಗೊತ್ತಾಗಲಿ ಎಂದು ನಾನು ಛತ್ರಿಯ ತುದಿಯನ್ನು ಅದರ ಪಕ್ಕಕ್ಕೇ ಹಿಡಿದೆ. ಭಾವನ ಕೈಯಲ್ಲಿ ಕ್ಯಾಮೆರಾ ಕ್ಲಿಕ್ ಅನ್ನುವವರೆಗೂ ಅದರಿಂದ ಕಣ್ಣು ತೆಗೆಯಲಿಲ್ಲ.

ಪ್ರಿಂಟ್ ಬಂತು. ಛತ್ರಿ ಬರೀ ತೊಗಟೆಯನ್ನು ತೋರಿಸುತ್ತಿತ್ತು. ಆಗೆಲ್ಲ ಸ್ಟುಡಿಯೋದವರು ಮುಖದ ಕಲೆ, ಮಚ್ಚೆ ಅಳಿಸಿ ಕೊಡುತ್ತಿದ್ದ ಕಾಲ. ಕಪ್ಪೆಯನ್ನೂ ಕಲೆ ಅಂದುಕೊಂಡು ಅಳಿಸಿದ್ದಾನೆ ಎಂದು ಭಾವ ರಾಜಾಜಿನಗರದ ಆ ಸ್ಟುಡಿಯೋಗೆ ಹೋಗಿ ಕೂಗಾಡಿದರು.

“ಮದುವೆ ಹೆಣ್ಣಿನ ಮಚ್ಚೆ ತೆಗೀತೀನಿ ಸಾರ್, ಮರದ ಮಚ್ಚೆ ಯಾಕೆ ತೆಗೀಲಿ?” ಅಂದ ಸ್ಟುಡಿಯೋದವನು ನೆಗೆಟಿವನ್ನೇ ಬೆಳಕಿಗೆ ಹಿಡಿದ. ಅದರಲ್ಲೂ ಛತ್ರಿ, ತೊಗಟೆ, ಅಷ್ಟೆ.

ಮಹಾಲಕ್ಷ್ಮಿ ಲೇಔಟಿನ ಮನೆಗೆ ಬಂದು ಭಾವ ಫೋಟೋವನ್ನು ಮೇಜಿನ ಮೇಲೆ ಎಸೆದರು. ಅವರ ತಾಯಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿರೋರು ಯಾರು ಅಂತಲೂ ತಿಳಿಯುತ್ತಿರಲಿಲ್ಲ. ಆಕೆ ಅದನ್ನು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದರು.

“ಛತ್ರಿ ಯಾಕೋ ಇಲ್ಲಿ ಹಿಡಿದಿದೀರ? ಕಪ್ಪೆ ಮೇಲೆ ಕೂತಿದೆಯಲ್ಲ” ಅಂದು ಉಗುರು ಊರಿದರು.

ಛತ್ರಿಯಿಂದ ಒಂದು ಬೆರಳಗಲ ಮೇಲೆ ಕಪ್ಪೆ, ಕಾಲು ಮಡಚಿ, ಕಣ್ಣು ಮುಚ್ಚಿ ಕೂತಿತ್ತು. ನೆಗೆಟಿವನ್ನು ಮತ್ತೆ ನೋಡಿದರೆ ಅದರಲ್ಲೂ ಅಲ್ಲೇ ಇತ್ತು. ಎರಡು ಕಪ್ಪೆ ಇದ್ದವೇನೋ ಅಂದುಕೊಳ್ಳೋಣವೆಂದರೆ, ನಾನು ಛತ್ರಿ ಹಿಡಿದು ತೋರಿಸಿದ ಕಪ್ಪೆ ಎಲ್ಲಿ ಹೋಯಿತು? ಇವತ್ತಿಗೂ ನನಗೆ ತಿಳಿಯದು.

ಪ್ರೊಫೆಸರು ಫೋಟೋ ನೋಡಿ ಒಪ್ಪಿದರು. ಕಪ್ಪೆರಾಯರು ಅನ್ನೋದೂ ನಿಂತಿತು. ಭಾವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಮಾರನೆಯ ವರ್ಷ ಅವರ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ದಪ್ಪ ಕನ್ನಡಕ ಬಂತು, ಪೇಪರನ್ನೇ ಓದತೊಡಗಿದರು. ಒಂದು ದಿನ ಆ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದು, ನಮ್ಮ ಕಡೆ ತಿರುಗಿ, “ಇದರಲ್ಲೊಂದು ಕಪ್ಪೆ ಇತ್ತಲ್ಲ, ಎಲ್ಲೋ?” ಅಂದರು. ನಾವು ಬೆರಳಿಟ್ಟು ತೋರಿಸಿದೆವು. ಅವರಿಗೆ ಕಾಣಲೇ ಇಲ್ಲ.